ಮೊದಲ ನೀರು

"ಇವತ್ತೇ ಬರಬೇಕಿತ್ತಾ ಮರಿಗಳು?"

ತಾಯಿ ಯಾರ ಮುಖವನ್ನೂ ನೋಡದೆ ಕೇಳಿದಳು. ಅವಳ ಕೈಯಲ್ಲಿ ಗಂಡನ ಬಾಚಣಿಗೆ ಇತ್ತು. ಆಸ್ಪತ್ರೆಯಿಂದ ಬೆಳಿಗ್ಗೆ ಎಂಟಕ್ಕೆ ಬಂದ ದೇಹವನ್ನು ಮುಂದಿನ ಕೋಣೆಯ ಮಂಚದ ಮೇಲೆ ಮಲಗಿಸಿದ್ದರು. ಆ ತಲೆಯ ಕೂದಲನ್ನು ಎಡಕ್ಕೆ ಬಾಚಬೇಕೋ ಬಲಕ್ಕೋ ಎಂಬುದು, ಮೂವತ್ತನಾಲ್ಕು ವರ್ಷ ಜೊತೆಗೆ ಬಾಳಿದವಳಿಗೆ, ಆ ಗಳಿಗೆಯಲ್ಲಿ ಮರೆತುಹೋಗಿತ್ತು. ಬಾಚಣಿಗೆ ಗಾಳಿಯಲ್ಲೇ ನಿಂತಿತ್ತು.

ಮೂರು ಸಾವಿರ ಕೋಳಿಮರಿ ಬೇಕೆಂದು ತಿಂಗಳ ಹಿಂದೆ ಹೇಳಿಟ್ಟವರು ಸತ್ತವರೇ. ಮೈದುನ ಬೆಳಿಗ್ಗೆ ಮರಿ ಮಾಡುವ ಹ್ಯಾಚರಿಗೆ ಫೋನು ಮಾಡಿ ನೋಡಿದ್ದ. ಒಡೆದ ಮೊಟ್ಟೆಯನ್ನು ಮತ್ತೆ ಮುಚ್ಚಲಾಗುವುದಿಲ್ಲ, ವ್ಯಾನು ಹೊರಟಾಗಿದೆ, ನಾಲ್ಕು ಗಂಟೆಗೆ ಬಾಗಿಲಲ್ಲಿರುತ್ತದೆ ಎಂದಿದ್ದರು ಹ್ಯಾಚರಿಯವರು. ಮಣ್ಣು ಮಾಡುವುದು ಎರಡು ಗಂಟೆಗೆ.

"ಮೊಟ್ಟೆಗೆ ಸಾವಿನ ಸುದ್ದಿ ಮುಟ್ಟುತ್ತಾ ಅತ್ತಿಗೆ," ಎಂದ ಮೈದುನ ಕಣ್ಣೊರೆಸಿಕೊಳ್ಳುತ್ತ. "ಇಪ್ಪತ್ತೊಂದನೇ ದಿನ ಆಯ್ತು, ಒಡೀತು. ಅಣ್ಣನಿಗೆ ಕೇಳಿಸಿದ್ರೆ ಎದ್ದು ಕೂತು, ಶೆಡ್ಡು ಬೆಚ್ಚಗಾಯ್ತೇನೋ ಅಂತ ನನ್ನನ್ನೇ ಬೈತಿದ್ದ."

ಒಂದಿಬ್ಬರು ನಕ್ಕರು. ನಕ್ಕದ್ದಕ್ಕೆ ನಾಚಿ ತಲೆ ತಗ್ಗಿಸಿದರು.

ಮಗಳು ಮಂಚದ ಇನ್ನೊಂದು ಬದಿಯಲ್ಲಿ ಮಂಡಿಯೂರಿ ಅಪ್ಪನ ಬಲಗೈಯ ಬೆರಳುಗಳನ್ನು ಒರೆಸುತ್ತಿದ್ದಳು. ಅವಳ ಕೈಗೆ ರಬ್ಬರಿನ ಗವಸು ಇತ್ತು. ಅಪ್ಪನ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೂ ಸುತ್ತಿದ್ದ ಬ್ಯಾಂಡೇಜನ್ನು ಅವಳು ಬಿಚ್ಚಲಿಲ್ಲ, ಬೇರೆಯವರಿಗೂ ಮುಟ್ಟಗೊಡಲಿಲ್ಲ. ಹೆತ್ತ ಅಪ್ಪನನ್ನು ಗವಸು ಹಾಕಿಕೊಂಡು ಮುಟ್ಟುವ ಕಾಲ ಬಂತಲ್ಲ ಎಂದು ಹಿಂದೆ ನಿಂತಿದ್ದ ಹೆಂಗಸರಲ್ಲೊಬ್ಬಳು ಮೆಲ್ಲಗೆ ಹೇಳಿದಳು. ಮಗಳಿಗೆ ಕೇಳಿಸುವಷ್ಟೇ ಮೆಲ್ಲಗೆ.

ತಾಯಿ ಕೊನೆಗೆ ಎಡಕ್ಕೆ ಬಾಚಿದಳು. ಬಾಚುತ್ತಿದ್ದ ಹಾಗೆ ಒಮ್ಮೆ ಬಲ ಪಕ್ಕೆಯನ್ನು ಒತ್ತಿಕೊಂಡು ಉಸಿರು ಬಿಗಿಹಿಡಿದಳು. ಮಗಳ ಕಣ್ಣು ತಕ್ಷಣ ಅಲ್ಲಿಗೆ ಹೋಯಿತು. ತಾಯಿಯ ಪಿತ್ತಕೋಶದಲ್ಲಿ ಕಲ್ಲಾಗಿತ್ತು, ಮುಂದಿನ ತಿಂಗಳು ಆಪರೇಷನ್ನಿಗೆ ದಿನ ಗೊತ್ತಾಗಿತ್ತು.

"ಕೈ ತೊಳ್ಕೋಮ್ಮ. ಸೋಪು ಹಾಕಿ."

"ನಿಮ್ಮಪ್ಪನ್ನ ಮುಟ್ಟಿದ್ದಕ್ಕೆ ನಾನು ಕೈ ತೊಳೀಬೇಕಾ?" ಎಂದಳು ತಾಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು ಎನ್ನಿಸಿತು ಮಗಳಿಗೆ.

*

ಸತ್ತವರನ್ನು ಸುತ್ತಲಿನ ಕೋಳಿ ಶೆಡ್ಡಿನವರೆಲ್ಲ ಪುಡಿ ಮೇಷ್ಟ್ರು ಎನ್ನುತ್ತಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಅವರ ಓದು ಏಳನೇ ತರಗತಿಗೇ ನಿಂತಿತ್ತು. ಹರೆಯದಲ್ಲಿ ಹ್ಯಾಚರಿಯಲ್ಲಿ ಮೊಟ್ಟೆ ಹೊರಳಿಸುವ ಕೆಲಸ ಮಾಡಿ, ಆಮೇಲೆ ತಮ್ಮದೇ ಒಂದು ಶೆಡ್ಡು ಎಬ್ಬಿಸಿದರು. ಮೊದಲ ಸಲ ತಂದ ಮರಿಗಳಲ್ಲಿ ಮೂರರಲ್ಲೊಂದು ಪಾಲು ಎಂಟೇ ದಿನದಲ್ಲಿ ಸತ್ತವು. ಎರಡನೆಯ ಸಲ ಮೇವಿನ ಅಂಗಡಿಯವನು ರೋಗದ ಕ್ರಿಮಿ ಕೊಲ್ಲುವ ಒಂದು ಹಳದಿ ಔಷಧಿಪುಡಿ ಕೊಟ್ಟು, ರೋಗ ಬರುವ ಮೊದಲೇ ನೀರಿಗೆ ಬೆರೆಸಿ ಎಂದ. ಆ ಸಲ ಸತ್ತವು ಹನ್ನೊಂದು. ಹನ್ನೊಂದೇ ಹನ್ನೊಂದು ಎಂದು ಅವರು ಕೊನೆಯವರೆಗೂ ಭಕ್ತಿಯಿಂದ ಹೇಳುತ್ತಿದ್ದರು.

ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಲಾರದವರು ಎಷ್ಟೋ ಜನ ಇದ್ದರು. ಮೇಷ್ಟ್ರು ಚಿಕ್ಕಂದಿನಲ್ಲಿ ತಮ್ಮ ತಾಯಿಯ ಪಕ್ಕ ಕೂತು, ಹಿರಿಯರು ಪದ್ಯಗಳನ್ನು ರಾಗವಾಗಿ ಓದುವುದನ್ನು ಕೇಳಿ ಬೆಳೆದವರು. ಉಳಿಯಬೇಕಾದ ಮಾತು ಪದ್ಯದಲ್ಲಿದ್ದರೆ ಮಾತ್ರ ಉಳಿಯುತ್ತದೆಂಬುದು ಅವರ ನಂಬಿಕೆ. ಎರಡು ಸಾಲು ಕಟ್ಟಿದರು:

ಮರಿ ಬಂದ ದಿನ ಡ್ರಮ್ಮಿಗೊಂದು ಹಿಡಿ,
ಮೂರು ಹಗಲೂ ತಪ್ಪದೆ ಕುಡಿಸಿಬಿಡಿ.

ಕಲಕಲು ಅವರು ಕೋಲು ಬಳಸುತ್ತಿರಲಿಲ್ಲ. ಪುಡಿ ಕರಗಿದ್ದು ಕೋಲಿಗೆ ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ ಎಂದು ಮೊಣಕೈವರೆಗೆ ತೋಳಿಳಿಸಿ, ಪದ್ಯ ಹೇಳುತ್ತ ಕಲಕುವರು. ಮಗಳು ಮಾತು ಬಂದ ಮೇಲೆ ಕಲಿತ ಮೊದಲ ಪದ್ಯ ಅದು. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ದಾಟಿ, ಮೇಷ್ಟ್ರ ಮುಖವನ್ನೇ ಕಾಣದವರ ಶೆಡ್ಡುಗಳಲ್ಲೂ ಅದು ನೆಲೆಸಿತು. ದಾಟುತ್ತ ದಾಟುತ್ತ ಅಷ್ಟಿಷ್ಟು ಸವೆಯಿತು.

*

ಗುಂಡಿಯ ಸುತ್ತ ಮೂವತ್ತು ನಲವತ್ತು ಜನ ನಿಂತಿದ್ದರು. ಹೆಚ್ಚಿನವರು ಶೆಡ್ಡಿನವರೇ, ಕೆಲಸದ ಬಟ್ಟೆ ಬದಲಿಸಿ ಬಂದಿದ್ದರೂ ಅವರ ಚಪ್ಪಲಿಗಳಿಗೆ ಹೊಟ್ಟು ಅಂಟಿತ್ತು. ದೊಡ್ಡ ಮಾತುಗಳೆಲ್ಲ ಮುಗಿದ ಮೇಲೆ ಮೈದುನ, ಅಣ್ಣನಿಗೆ ಬಾಯಿಪಾಠ ಇದ್ದದ್ದು ಎಷ್ಟೋ ಇತ್ತು, ನಮಗೆ ಬಂದದ್ದು ಒಂದೇ, ಅದನ್ನೇ ಹೇಳಿ ಕಳಿಸೋಣ ಎಂದ.

ಎಲ್ಲರೂ ಒಟ್ಟಿಗೆ ಹೇಳಿದರು. ಮಗಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಕೇಳುವುದು ಅವಳಿಗೆ ಅಪ್ಪನಿಂದ ಬಂದದ್ದು. ಹತ್ತಿರದವರ ಬಾಯಲ್ಲಿ ಡ್ರಮ್ಮಿಗೊಂದು ಹಿಡಿಯೇ ಇತ್ತು. ಎಡಗಡೆಯವರು ಅರ್ಧ ಹಿಡಿ ಎಂದರು. ಯಾರೋ ಮೂರು ಹಗಲನ್ನು ಎರಡು ಮಾಡಿದರು. ಹಿಂದಿನ ಸಾಲಿನ ಮುದುಕನೊಬ್ಬ ಚಿಟಿಕೆ ಎಂದ. ರಾಗ ಮಾತ್ರ ಎಲ್ಲರದೂ ಒಂದೇ ಆಗಿದ್ದರಿಂದ ತಪ್ಪು ಬೇರೆ ಯಾರಿಗೂ ಕೇಳಿಸಲಿಲ್ಲ.

ಮಣ್ಣು ಹಾಕಿ ಮರಳುವಾಗ ಅರ್ಧ ಹಿಡಿಯವರಲ್ಲೊಬ್ಬ ಅವಳ ಪಕ್ಕಕ್ಕೆ ಬಂದ. ದೊಡ್ಡ ಶೆಡ್ಡಿನ ಯಜಮಾನ, ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವನು. ಮೇಷ್ಟ್ರು ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ ಎಂದು ಪೀಠಿಕೆ ಹಾಕಿದ.

"ಈಗೀಗ ಎರಡು ಹಿಡಿ ಸುರಿದ್ರೂ ನಾಟಲ್ಲ ತಂಗಿ. ಪುಡಿ ಮೊದಲಿನ ಹಾಗಿಲ್ಲ."

"ಪುಡಿ ಹಾಗೇ ಇದೆ ಅಣ್ಣ," ಎಂದಳು ಮಗಳು.

ಅವನು ಮುಂದಿನ ಮಾತಿಗೆ ಕಾದ. ಅವಳು ಆಗಲೇ ತಾಯಿಯನ್ನು ಹುಡುಕುತ್ತಿದ್ದಳು, ತಾಯಿ ಯಾರ ಜೊತೆಯಲ್ಲೂ ಕಾಣಲಿಲ್ಲ.

*

ಮಗಳು ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ರೋಗಿಯ ರಕ್ತದಲ್ಲೋ ಕೀವಿನಲ್ಲೋ ಸಿಕ್ಕ ಕ್ರಿಮಿಯನ್ನು ತಟ್ಟೆಯಲ್ಲಿ ಹರಡಿ, ಮೇಲೆ ಬೇರೆ ಬೇರೆ ಔಷಧಿ ಅದ್ದಿದ ಕಾಗದದ ಬಿಲ್ಲೆಗಳನ್ನಿಟ್ಟು, ಒಂದು ದಿನ ಬೆಚ್ಚಗೆ ಇಡುವುದು ಅವಳ ಕೆಲಸ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಬಳೆಯ ಹಾಗೆ ದುಂಡನೆಯ ಜಾಗ ಬರಿದಾಗಿ ಉಳಿಯುತ್ತದೆ. ಕೆಲಸಕ್ಕೆ ಸೇರಿದ ಹನ್ನೆರಡು ವರ್ಷಗಳಲ್ಲಿ ಆ ಬಳೆಗಳು ಕಿರಿದಾಗುತ್ತ ಬಂದದ್ದನ್ನು ಅವಳು ಅಳತೆಪಟ್ಟಿ ಇಟ್ಟು ನೋಡಿದ್ದಳು.

ಅಲ್ಲಿನ ಹಿರಿಯಕ್ಕ ಒಮ್ಮೆ ಹೇಳಿದ್ದಳು: "ಔಷಧಿಗೆ ಸಾಯದಿರೋದನ್ನ ಕ್ರಿಮಿಗಳು ಕಲೀತಾವೆ. ಕಲಿತದ್ದನ್ನ ತಮ್ಮ ಮಕ್ಕಳಿಗಷ್ಟೇ ಕೊಟ್ಟಿದ್ರೆ ಹೇಗೋ ತಡ್ಕೋಬಹುದಿತ್ತು ಕಣೇ. ಪಕ್ಕದಲ್ಲಿ ಕೂತ ಬೇರೆ ಜಾತಿಯ ಕ್ರಿಮಿಗೂ ಮೈ ತಾಗಿಸಿ ಹೇಳಿಕೊಡ್ತಾವೆ. ಒಂದು ಔಷಧಿಯ ಪಾಠದ ಜೊತೆ ಇನ್ನು ನಾಲ್ಕರದ್ದನ್ನೂ ಗಂಟು ಕಟ್ಟಿ ಕೊಡ್ತಾವೆ."

ಎಂಟು ತಿಂಗಳ ಹಿಂದೆ ಮಗಳು ಈ ಮಾತನ್ನೆಲ್ಲ ಅಪ್ಪನ ಮುಂದಿಟ್ಟಿದ್ದಳು. ರೋಗವಿಲ್ಲದ ಮರಿಗೆ ಪುಡಿ ಬೇಡ. ಶೆಡ್ಡಿನ ನೆಲ ಕೆರೆದು ತೊಳೆಯಬೇಕು, ಚರಂಡಿ ಶುಚಿಯಾಗಬೇಕು, ಒಂದು ಬ್ಯಾಚು ಹೋಗಿ ಇನ್ನೊಂದು ಬರುವ ಮುನ್ನ ಮೂರು ವಾರ ಖಾಲಿ ಬಿಡಬೇಕು. ಮೇಷ್ಟ್ರು ಪದ್ಯ ಕೇಳುವವರ ಹಾಗೆ ಕತ್ತು ವಾಲಿಸಿ ಕೇಳಿದರು. ಮರುದಿನವೇ ಪುಡಿ ನಿಲ್ಲಿಸಿದರು. ತೊಳೆಯುವುದು, ಖಾಲಿ ಬಿಡುವುದನ್ನೆಲ್ಲ ಮುಂದಿನ ಬ್ಯಾಚಿಗೆ ನೋಡೋಣ ಎಂದರು. ಮುಂದಿನ ಬ್ಯಾಚಿಗೂ ಅದನ್ನೇ ಅಂದರು.

ಎರಡು ಬ್ಯಾಚು ಏನೂ ಆಗಲಿಲ್ಲ. ಮೂರನೆಯದರಲ್ಲಿ ಬೇನೆ ಬಿತ್ತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಕಾಲಿಡಲು ಜಾಗವಿರಲಿಲ್ಲ. ಸತ್ತ ಕೋಳಿಗಳನ್ನು ಬರಿಗೈಯಲ್ಲಿ ಬಾಚಿ ಎತ್ತುವಾಗ ಹರಿದ ತಂತಿಬಲೆ ಹೆಬ್ಬೆರಳಿನ ಬುಡವನ್ನು ಸೀಳಿತು. ಮಗಳಿಗೆ ಗೊತ್ತಾದರೆ ಬೈಯುತ್ತಾಳೆಂದು ಮೂರು ದಿನ ಬಟ್ಟೆ ಸುತ್ತಿ ಮುಚ್ಚಿಟ್ಟರು. ನಾಲ್ಕನೆಯ ದಿನ ಕೈ ಊದಿ ಚಳಿಜ್ವರ ಏರಿತು.

ಅವರ ರಕ್ತದ ತಟ್ಟೆಯನ್ನು ಮಗಳೇ ಹೊರಗೆ ತೆಗೆದಳು. ಹನ್ನೆರಡು ಬಿಲ್ಲೆಗಳಿದ್ದವು. ಬಳೆ ಒಂದೂ ಇರಲಿಲ್ಲ. ಬಿಲ್ಲೆ ಇರುವುದೇ ತಮಗೆ ಗೊತ್ತಿಲ್ಲವೆಂಬಂತೆ ಕ್ರಿಮಿಗಳು ಅದರ ಅಂಚನ್ನೊತ್ತಿ ಬೆಳೆದಿದ್ದವು. ಅವಳು ಪಟ್ಟಿಯ ಹನ್ನೆರಡು ಸಾಲುಗಳ ಎದುರು ನಾಟದು ಎಂಬರ್ಥದ ಒಂದೇ ಅಕ್ಷರವನ್ನು ಬರೆದು, ಡಾಕ್ಟರಿಗೆ ಕೊಟ್ಟು, ಕೆಳಗಿಳಿದು ಅಪ್ಪನ ವಾರ್ಡಿಗೆ ಹೋಗಿ ಕೂತಳು. ಇವತ್ತು ವಾಸಿ ಅನ್ನಿಸುತ್ತದೆ ಎಂದರು ಮೇಷ್ಟ್ರು. ಹೌದಪ್ಪ ಎಂದಳು.

ಶೆಡ್ಡಿನ ಚರಂಡಿಯಿಂದ ಅವಳು ಹತ್ತಿಯಲ್ಲಿ ಒತ್ತಿ ತಂದ ಕೊಳೆಯೂ ಅದೇ ತಟ್ಟೆಯ ಹಾಗೆ ಬೆಳೆಯಿತು. ಪುಡಿ ನಿಲ್ಲಿಸಿ ಎಂಟು ತಿಂಗಳಾಗಿದ್ದರೂ ಅಲ್ಲಿ ಕಲಿತದ್ದನ್ನು ಯಾವುದೂ ಮರೆತಿರಲಿಲ್ಲ. ಅಪ್ಪನ ರಕ್ತದಲ್ಲಿದ್ದದ್ದು ಈ ಚರಂಡಿಯದೇ ಎಂದು ಖಚಿತವಾಗಿ ಹೇಳುವ ಯಂತ್ರ ಮಾತ್ರ ಆ ಲ್ಯಾಬಿನಲ್ಲಿರಲಿಲ್ಲ.

*

ವ್ಯಾನು ಹೇಳಿದ ಹೊತ್ತಿಗೇ ಬಂದಿತ್ತು. ಮಗಳು ಶೆಡ್ಡು ಮುಟ್ಟುವಷ್ಟರಲ್ಲಿ ಮೈದುನನೂ ಡ್ರೈವರನೂ ತೂತುಗಳಿದ್ದ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿ ಒಳಗೆ ಸಾಲಾಗಿ ಇಡುತ್ತಿದ್ದರು. ಉಳಿದ ಹಳೆಯ ಕೋಳಿಗಳನ್ನು ಸಾಗಹಾಕಿ, ನೆಲ ತೊಳೆಯಲು ಪುರುಸೊತ್ತಾಗದೆ, ಮೈದುನ ಹಳೆಯದರ ಮೇಲೆಯೇ ಹೊಸ ಹೊಟ್ಟು ಹರಡಿದ್ದ. ದೀಪಗಳ ಕಾವಿನಲ್ಲಿ ಹೊಸ ಹೊಟ್ಟಿನ ವಾಸನೆಯೂ ಅದರಡಿಯ ವಾಸನೆಯೂ ಬೇರೆಬೇರೆಯಾಗಿ ಮೂಗಿಗೆ ಬಡಿಯುತ್ತಿದ್ದವು.

ತಾಯಿ ನಡುವೆ ಚಪ್ಪಲಿಯಿಲ್ಲದೆ ಕುಕ್ಕರಗಾಲಲ್ಲಿ ಕೂತಿದ್ದಳು. ಮಸಣದಿಂದ ನೇರ ಇಲ್ಲಿಗೇ ಬಂದಿದ್ದಳು. ಸುತ್ತಲೂ ನೀರಿನ ತಟ್ಟೆಗಳಿದ್ದವು. ನೀರು ಹಳದಿಯಾಗಿತ್ತು.

"ಅತ್ತಿಗೆ ನಾವು ಬರೋಷ್ಟರಲ್ಲಿ ಎಲ್ಲ ಮುಗಿಸಿದ್ದಾರೆ," ಎಂದ ಮೈದುನ, ಯಾರ ಪರವೂ ವಹಿಸದವನಂತೆ. "ನನ್ನನ್ನ ಕೂಲಿಯವನ ಹಾಗೆ ಪೆಟ್ಟಿಗೆ ಹೊರೋಕೆ ಇಟ್ಕೊಂಡಿದ್ದಾರೆ." ಹಾಗೆಂದು ಡ್ರೈವರನನ್ನು ಕರೆದುಕೊಂಡು ಹೊರಗೆ ಹೋದ.

ಮಗಳು ತಾಯಿಯ ಎದುರು ಕೂತಳು. ನಿನ್ನೆಯವರೆಗೆ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳನ್ನು ಒಂದೊಂದಾಗಿ ಹೇಳಿದಳು. ಲ್ಯಾಬಿನ ತಟ್ಟೆಯ ಬಗ್ಗೆ, ಚರಂಡಿಯ ಬಗ್ಗೆ. ಮರಿಗೆ ಹಾಕಿದ ಪುಡಿ ಅದರ ಹೊಟ್ಟೆಯಲ್ಲಿ ಯಾವುದನ್ನು ಕೊಲ್ಲುತ್ತದೆ, ಯಾವುದನ್ನು ಉಳಿಸಿ ಬೆಳೆಸುತ್ತದೆ ಎಂಬ ಬಗ್ಗೆ. ಕೊನೆಗೆ ಸುತ್ತು ಬಳಸು ಬಿಟ್ಟಳು.

"ಮುಂದಿನ ತಿಂಗಳು ನಿನ್ನ ಹೊಟ್ಟೆ ಕೊಯ್ತಾರಮ್ಮ. ಆ ಕ್ರಿಮಿ ನಿನ್ನೊಳಗೂ ಸೇರ್ಕೊಂಡಿದ್ರೆ, ಗಾಯ ಕೆಟ್ಟ ಮೇಲೆ ಕೊಡೋಕೆ ನಮ್ಮ ಹತ್ರ ಏನೂ ಇರಲ್ಲ. ಅಪ್ಪನಿಗೆ ಇರಲಿಲ್ಲವಲ್ಲ, ಹಾಗೆ."

ತಾಯಿ ಪೆಟ್ಟಿಗೆಯಿಂದ ಒಂದು ಮರಿಯನ್ನೆತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಪುಡಿ ಹಾಕಿದಷ್ಟು ವರ್ಷ ಅವರಿಗೆ ನೆಗಡಿ ಬಂದದ್ದೂ ನಾನು ಕಾಣೆ," ಎಂದಳು. "ನೀನು ಬೇಡ ಅಂದೆ, ನಿಲ್ಲಿಸಿದ್ರು. ನಿಲ್ಲಿಸಿದ್ದಕ್ಕೆ ಕೋಳಿ ಸತ್ತವು. ಸತ್ತದ್ದನ್ನ ಎತ್ತೋಕೆ ಹೋಗಿ ಕೈ ಸೀಳ್ಕೊಂಡ್ರು. ಇದರಲ್ಲಿ ಸುಳ್ಳು ಯಾವುದಿದೆ, ಹೇಳು."

ಸುಳ್ಳು ಯಾವುದೂ ಇರಲಿಲ್ಲ. ಮಗಳು ಹದಿನೈದು ದಿನಗಳಿಂದ ಅದೇ ನಾಲ್ಕು ಮಾತುಗಳನ್ನು ಅದೇ ಕ್ರಮದಲ್ಲಿ ತನಗೆ ತಾನೇ ಹೇಳಿಕೊಂಡಿದ್ದಳು. ಅವುಗಳ ಹಿಂದೆ ಇಪ್ಪತ್ತೆಂಟು ವರ್ಷ ಹಾಕಿದ ಪುಡಿಯ ಇನ್ನೊಂದು ಮಾತಿತ್ತು. ಅದು ಕಣ್ಣಿಗೆ ಕಾಣುವಂಥದ್ದಾಗಿರಲಿಲ್ಲ. ಅದನ್ನು ತೋರಿಸಲು ಅವಳ ಬಳಿ ಒಂದು ಬಳೆಯೂ ಇಲ್ಲದ ಆ ತಟ್ಟೆ ಮಾತ್ರ ಇತ್ತು.

ತಾಯಿ ಮರಿಯ ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಕೊಕ್ಕಿನ ತುದಿಯನ್ನು ನೀರಿಗೆ ಅದ್ದಿದಳು. ಹುಟ್ಟಿದ ಮರಿಗೆ ನೀರೆಂದರೆ ಏನೆಂದು ಗೊತ್ತಿರುವುದಿಲ್ಲ. ಅದು ಬೆಚ್ಚಿ ತಲೆ ಕೊಡವಿತು, ಸುಮ್ಮನಾಯಿತು, ಆಮೇಲೆ ಕತ್ತನ್ನು ಮೇಲಕ್ಕೆ ಚಾಚಿ ಕಣ್ಣು ಮುಚ್ಚಿ ನುಂಗಿತು. ಅವಳು ಅದನ್ನು ಕೆಳಗೆ ಬಿಟ್ಟಳು. ಅದು ತಾನೇ ಹೋಗಿ ಮತ್ತೆ ಕೊಕ್ಕು ಅದ್ದಿತು. ಪಕ್ಕದಲ್ಲಿದ್ದ ಮೂರು ಮರಿಗಳು ಅದನ್ನೇ ನೋಡಿ, ತಾವೂ ಅದ್ದಿ, ತಾವೂ ಕತ್ತೆತ್ತಿದವು. ಅವುಗಳನ್ನು ನೋಡಿ ಇನ್ನಷ್ಟು ಬಂದವು. ತಟ್ಟೆಯಿಂದ ತಟ್ಟೆಗೆ ಯಾರೂ ಹೇಳಿಕೊಡದೆ ಹಳದಿ ತಲೆಗಳು ಬಾಗಿ ಏಳತೊಡಗಿದವು.

"ಅಮ್ಮ," ಎಂದಳು ಮಗಳು. ಅವಳ ದನಿ ಮರಿಗಳ ಚಿಲಿಪಿಲಿಗಿಂತ ಮೇಲೇಳಲಿಲ್ಲ. "ನನಗೋಸ್ಕರ. ಈ ನೀರು ಚೆಲ್ಲಿಬಿಡು."

ತಾಯಿ ಇನ್ನೊಂದು ಮರಿಯನ್ನು ಎತ್ತಿಕೊಂಡಳು.

"ಇಲ್ಲ," ಎಂದಳು. "ಚೆಲ್ಲಲ್ಲ."