ಅರ್ಧ ದಾರಿಯಲ್ಲಿ ಅಲುಗಿದ ಗೆರೆ

ತಮ್ಮ ತೀರಿಕೊಂಡ ಸುದ್ದಿ ಮುಟ್ಟಿದಾಗ ನಾನು ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಅವನು ಕೆಲಸ ಮಾಡುತ್ತಿದ್ದ ಸೈಕಲ್ ಕಾರ್ಖಾನೆಯ ಮೇಸ್ತ್ರಿ ಫೋನ್ ಮಾಡಿದ್ದರು. "ಅಮ್ಮಾ, ನಿಮ್ಮ ತಮ್ಮ ಟೀ ಹೊತ್ತಿಗೆ ಬೆಂಚಿನ ಮೇಲೆ ಒರಗಿದ್ರು. ಎಬ್ಬಿಸೋಕೆ ಹೋದ್ವಿ, ಏಳಲಿಲ್ಲ" ಎಂದರು. ನಾನು "ಆಗಲಿ" ಎಂದೆ. ಅಂಥ ಮಾತಿಗೆ ಯಾರಾದರೂ ಆಗಲಿ ಎನ್ನುತ್ತಾರೆಯೇ? ಬಾಯಿಗೆ ಬಂದದ್ದು ಅದು. ಬಕೆಟ್ಟಿನಲ್ಲಿ ಉಳಿದಿದ್ದ ಎರಡು ದಿಂಬಿನ ಚೀಲಗಳನ್ನೂ ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದೆ. ಆಮೇಲೆ ಒಳಗೆ ಬಂದು ದೇವರ ಮುಂದೆ ಕುಳಿತೆ.

ಅವನು ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವನು. ಅಮ್ಮ ಹೋದ ಮೇಲೆ ನನ್ನ ಸೊಂಟದ ಮೇಲೆ ಬೆಳೆದವನು. ದೂರದ ಊರಿನ ಆ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಹೊಸ ಸೈಕಲ್ಲುಗಳ ಮೇಲೆ ಚಿನ್ನದ ಬಣ್ಣದ ಗೆರೆ ಎಳೆದ. ಹ್ಯಾಂಡಲ್ಲಿನ ಬುಡದಿಂದ ಪೆಡಲಿನವರೆಗೆ ಇಳಿಯುವ ಪೈಪಿನ ಮೇಲೆ, ಉದ್ದ ಕೂದಲಿನ ಕುಂಚದಿಂದ, ಒಂದೇ ಎಳೆತ.

"ಉಸಿರು ಬಿಟ್ರೆ ಕೈ ಅಲುಗುತ್ತೆ ಅಕ್ಕಾ," ಎನ್ನುತ್ತಿದ್ದ. "ದೇವರ ಹೆಸರು ಒಂದ್ಸಲ ಹೇಳ್ಕೊಂಡು ಉಸಿರು ಕಟ್ತೀನಿ. ಗೆರೆ ಮುಗಿದ ಮೇಲೇ ಬಿಡೋದು."

ಗೆರೆ ಕೂದಲೆಳೆಯಷ್ಟು ಓರೆಯಾದರೂ ಬಟ್ಟೆಯಲ್ಲಿ ಒರೆಸಿ ಮತ್ತೆ ಎಳೆಯುತ್ತಿದ್ದ. ಸರಿ ಬಂದರೆ ಮಾತ್ರ ಪೈಪಿನ ಅಡಿಯಲ್ಲಿ, ಯಾರೂ ಬಗ್ಗಿ ನೋಡದ ಜಾಗದಲ್ಲಿ, ಮೂರು ಚುಕ್ಕೆ ಇಡುತ್ತಿದ್ದ. "ನೋಡಿದೆ, ಒಪ್ಪಿದೆ, ಕಳಿಸಿದೆ, ಅಷ್ಟೇ ಅಕ್ಕಾ" ಎಂದು ನಗುತ್ತಿದ್ದ.

ಕೊನೆಯ ಸಲ ಫೋನಿನಲ್ಲಿ ಮಾತಾಡುವಾಗ ಏದುಸಿರು ಬಿಡುತ್ತಿದ್ದ. "ಏನೋ, ಯಾರಾದ್ರೂ ಅಟ್ಟಿಸ್ಕೊಂಡು ಬಂದ್ರಾ?" ಎಂದೆ. "ಮೆಟ್ಟಿಲು ಹತ್ತಿ ಬಂದೆ ಅಕ್ಕಾ" ಎಂದ. ನಾನು ನಂಬಿದೆ. ಅವನ ಕೋಣೆಯನ್ನು ನಾನು ಮೊದಲ ಬಾರಿ ಕಂಡದ್ದು ಅವನನ್ನು ಮಣ್ಣಿಗೆ ಒಪ್ಪಿಸಿದ ದಿನ. ಅದು ರಸ್ತೆಯ ಮಟ್ಟದಲ್ಲೇ ಇತ್ತು. ಹತ್ತುವುದಕ್ಕೆ ಒಂದು ಮೆಟ್ಟಿಲೂ ಇರಲಿಲ್ಲ.

ಅಲ್ಲಿಂದ ಎರಡು ಅಂಗಿ, ಒಂದು ಕನ್ನಡಕ ತಂದೆ. ಅವನ ಕೈಯಿಂದ ಆದದ್ದು ಒಂದೂ ನನ್ನ ಬಳಿ ಇರಲಿಲ್ಲ. ಎಲ್ಲವೂ ಯಾರು ಯಾರದೋ ಕಾಲ ಕೆಳಗೆ ಊರೂರು ತಿರುಗುತ್ತಿತ್ತು. ಬೀದಿಯಲ್ಲಿ ಸೈಕಲ್ ಹೋದರೆ ನಿಂತು ನೋಡುವುದು ನನಗೆ ಅಭ್ಯಾಸವಾಯಿತು.

ಎರಡು ತಿಂಗಳ ಮೇಲೆ ಮಗಳ ಕಿರಿಯ ಮಗಳಿಗೆ ಸೇತುವೆಯಾಚೆಯ ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಸೈಕಲ್ ಕೊಡಿಸುತ್ತೇನೆ, ಆಯ್ಕೆ ನಿನ್ನದೇ ಎಂದು ಮಾತು ಕೊಟ್ಟಿದ್ದೆ. ಇಬ್ಬರೂ ಅಂಗಡಿಗೆ ಹೋದೆವು. ಅವಳು ನೇರವಾಗಿ ಒಂದು ನೀಲಿ ಸೈಕಲ್ಲಿನ ಬಳಿ ಹೋಗಿ ಗಂಟೆ ಬಾರಿಸತೊಡಗಿದಳು. ನನ್ನ ಕಣ್ಣು ಮೂಲೆಯ ಹಸಿರು ಸೈಕಲ್ಲಿಗೆ ಬಿತ್ತು. ಅದರ ಚಿನ್ನದ ಗೆರೆ ಅರ್ಧ ದಾರಿ ನೆಟ್ಟಗೆ ಬಂದು, ಒಂದು ಗೇಣಿನಷ್ಟು ನಡುಗಿ, ಮತ್ತೆ ನೆಟ್ಟಗಾಗಿತ್ತು. ತುದಿ ಜೀರಿಗೆ ಕಾಳಿನ ಹಾಗೆ ಚೂಪಾಗಿ ಮುಗಿದಿತ್ತು. ಆ ತುದಿ ನನಗೆ ಗೊತ್ತು; ಊರಿಗೆ ಬಂದಾಗಲೆಲ್ಲ ಅವನು ಬೀದಿಯ ಸೈಕಲ್ಲುಗಳ ಮೇಲೆ ತನ್ನ ಗೆರೆ ತೋರಿಸುತ್ತಿದ್ದ.

"ಅದು ಬೇಡ ಅಮ್ಮಾ," ಎಂದರು ಅಂಗಡಿಯವರು. "ಗೆರೆ ಕೆಟ್ಟಿದೆ. ಸೋಮವಾರ ವಾಪಸ್ ಕಳಿಸ್ತೀನಿ, ಕೆರೆದು ಹೊಸ ಬಣ್ಣ ಹೊಡೀತಾರೆ. ಬೇಕೇ ಬೇಕು ಅಂದ್ರೆ ಕಡಿಮೆಗೆ ಕೊಡ್ತೀನಿ. ಓಡೋಕೆ ಚಕ್ರ ಬೇಕು, ಗೆರೆ ಯಾಕೆ?"

"ಓಡಿಸೋಳು ನಾನು, ನೋಡೋರು ಊರೆಲ್ಲ," ಎಂದಳು ಮೊಮ್ಮಗಳು. "ಅಜ್ಜೀ, ಅಕ್ಕನ ಕೋಟು, ಅಕ್ಕನ ಚೀಲ, ಅಕ್ಕ ಸವೆಸಿಟ್ಟ ಚಪ್ಪಲಿ, ಇಷ್ಟರಲ್ಲೇ ದೊಡ್ಡವಳಾದೆ. ಮೊದಲನೇ ಸಲ ಹೊಸದು ತಗೊಳ್ತಿದ್ದೀನಿ. ಇದೂ ಸೊಟ್ಟಗಿರೋದಾ?"

ಅವಳ ಮಾತು ನ್ಯಾಯವಾದದ್ದು. ನಾನು ಬಾಯಿ ಬಿಟ್ಟರೆ ಅವಳು ಇಲ್ಲ ಎನ್ನಲಾರಳು ಎಂಬುದೂ ನನಗೆ ಗೊತ್ತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ. ಇನ್ನೊಂದು ಅಳುಕೂ ಇತ್ತು. ಓರೆ ಗೆರೆಯನ್ನು ಒಂದು ಗಳಿಗೆಯೂ ಸಹಿಸದವನು ಅವನು. ಕೈ ಸೋತು ಬಿಟ್ಟುಹೋದ ಇದನ್ನು ಊರ ಮುಂದೆ ಓಡಾಡಿಸಿದರೆ ಅವನಿಗೆ ಅವಮಾನವಲ್ಲವೇ? ಸೋಮವಾರ ವಾಪಸ್ ಹೋಗಿ ಕೆರೆದುಬಿಟ್ಟರೆ ಅವನ ಮಾನ ಉಳಿಯುತ್ತದೆ. ನನಗೆ ಮಾತ್ರ ಏನೂ ಉಳಿಯುವುದಿಲ್ಲ.

"ನೀಲಿಯದೇ ತಗೋ ಕಂದಾ" ಎಂದೆ.

ಅಂಗಡಿಯವರು ನೀಲಿ ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬುವಾಗ ನಾನು ಹಸಿರು ಸೈಕಲ್ಲಿನ ಬಳಿ ನಿಂತೆ. ದೇವರ ಹೆಸರು ಹೇಳಿ, ಉಸಿರು ಕಟ್ಟಿ, ಗೆರೆಯ ಮೇಲೆ ಬೆರಳು ಎಳೆದೆ. ನಡುಗಿದ ಜಾಗ ಮುಟ್ಟುವ ಮೊದಲೇ ನನ್ನ ಉಸಿರು ಮುಗಿಯಿತು. ಮತ್ತೆ ಎಳೆದೆ.

"ಅಜ್ಜೀ, ಯಾಕೆ ಮುಖ ಹಾಗೆ ಕೆಂಪಾಯ್ತು? ಉಸಿರಾಡು ಮಾರಾಯ್ತಿ!" ಮೊಮ್ಮಗಳು ಓಡಿ ಬಂದಳು. ನನ್ನ ಬೆರಳು ಎಲ್ಲಿದೆ ಎಂದು ನೋಡಿದಳು. "ಚಿಕ್ಕಜ್ಜನದಾ?" ಎಂದಳು.

"ಇರಬಹುದು."

"ಇರಬಹುದು ಅಂದ್ರೇನು? ಚುಕ್ಕೆ ನೋಡೋಣ."

ನಾನು ಬೇಡ ಎಂದೆ. ಚುಕ್ಕೆ ಇಲ್ಲದಿದ್ದರೆ ಅದು ಅವನು ಒಪ್ಪದ ಕೆಲಸ, ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಅವಳು ಕೇಳಲಿಲ್ಲ. ನೆಲದ ಮೇಲೆ ಮಂಡಿಯೂರಿ, ಪೈಪಿನ ಅಡಿಗೆ ತಲೆ ತೂರಿಸಿದಳು. "ಒಂದು," ಎಂದಳು. "ಎರಡು." ಆಮೇಲೆ ತಡವಾಯಿತು. "ಧೂಳು ಅಜ್ಜೀ, ತಾಳು," ಎಂದು ಹೆಬ್ಬೆರಳಿನಿಂದ ಒರೆಸಿ, "ಮೂರು."

ಹಾಗಾದರೆ ಅವನು ನೋಡಿದ್ದ. ಉಸಿರು ತಪ್ಪಿದ್ದನ್ನು ನೋಡಿ, ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಳ್ಳದೆ, ಇರಲಿ ಎಂದು ಒಪ್ಪಿ ಕಳಿಸಿದ್ದ. ನನ್ನಿಂದ ಮುಚ್ಚಿಟ್ಟ ಏದುಸಿರನ್ನು ಅವನು ಇಲ್ಲಿ ಮುಚ್ಚಿಟ್ಟಿರಲಿಲ್ಲ. ಅಂಗಡಿಯ ನಡುವೆ, ಗಾಳಿ ಪಂಪಿನ ಸದ್ದಿನಲ್ಲಿ, ಎರಡು ತಿಂಗಳಿಂದ ಬಾರದ ಅಳು ನನಗೆ ಬಂತು.

"ಇದನ್ನೇ ಕೊಡಿ," ಎಂದಳು ಮೊಮ್ಮಗಳು.

"ಬೇಡ ಕಂದಾ, ನಿನ್ನ ಆಸೆ..."

"ಆಸೆ ಇತ್ತು. ಇಲ್ಲ ಅಂತ ಸುಳ್ಳು ಹೇಳಲ್ಲ," ಎಂದಳು. "ಆದ್ರೆ ನೀಲಿಯದು ಯಾರ ಕೈಯಾದ್ರೂ ಮಾಡುತ್ತೆ. ಬಾ, ಮೂಗು ಒರೆಸ್ಕೋ. ಅಂಗಡಿಯವರು ನಾನು ಬೈದೆ ಅಂದ್ಕೊಂಡಾರು."

ಹೊರಡುವಾಗ ಅವಳು ನೀಲಿ ಸೈಕಲ್ಲಿನ ಕಡೆ ಒಮ್ಮೆ ತಿರುಗಿ ನೋಡಿದಳು. ನಾನು ಕಂಡೂ ಕಾಣದ ಹಾಗೆ ಇದ್ದೆ. ಅವಳ ಆ ಋಣ ನನ್ನ ಮೇಲಿದೆ.

ಈಗ ದಿನವೂ ಬೆಳಿಗ್ಗೆ ಅವಳು ಹೊರಡುವ ಮೊದಲು ಒದ್ದೆ ಬಟ್ಟೆಯಿಂದ ಆ ಗೆರೆಯನ್ನು ಒರೆಸುತ್ತೇನೆ. ನಡುಗಿದ ಜಾಗದಲ್ಲಿ ಕೈ ನಿಧಾನವಾಗುತ್ತದೆ. ಅವಳು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತು ಕೇಳಿಕೊಳ್ಳುತ್ತೇನೆ:

ದೇವರೇ, ಪ್ರತಿ ಗೆರೆಗೂ ಮೊದಲು ನಿನ್ನ ಹೆಸರು ಹೇಳಿದವನು ಈಗ ನಿನ್ನ ಬಳಿ ಇದ್ದಾನೆ. ಅವನ ಎದೆಯ ಏದುಸಿರು ಇಳಿಯಲಿ. ಅವನ ತಪ್ಪುಗಳನ್ನು ನೋಡು, ನೋಡಿ ಒಪ್ಪಿಕೋ. ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು.