ಹಸಿ ಹಿಟ್ಟು, ಬೆಂದ ಹಿಟ್ಟು

ಹಸಿ ಆಲೂಗಡ್ಡೆ ಹಿಟ್ಟು ತಿನ್ನಿಸಿ ನೋಡಬೇಕಾಗಿದ್ದ ಹಂದಿಗಳಿಗೆ ಬೇಯಿಸಿ ಒಣಗಿಸಿದ ಹಿಟ್ಟು ತಿನ್ನಿಸಿದರು. ಹಸಿ ಹಿಟ್ಟು ಮೆಕ್ಕೆಜೋಳದಷ್ಟೇ ಚೆನ್ನಾಗಿ ಮೈಗೆ ಹತ್ತುತ್ತದೆ ಎಂದು ಬರೆದು ಕೊಟ್ಟರು. ಹಿಟ್ಟು ತಯಾರಿಸುವ ಕಾರ್ಖಾನೆ ಹಸಿಯದನ್ನೇ ಮೂಟೆ ಕಟ್ಟಿ ಹಂದಿ ಸಾಕುವವರಿಗೆ ಮಾರಿತು.

ತಿನ್ನಿಸಿದವಳು ಮೇವು ಸಂಶೋಧನಾ ಕೇಂದ್ರದ ಮುಖ್ಯಸ್ಥೆ. ಅಳೆದವಳು ಅವಳ ಒಡಹುಟ್ಟಿದ ತಂಗಿ.

ತಂಗಿಯನ್ನು ಕೇಂದ್ರದಲ್ಲಿ ಎಲ್ಲರೂ ಚೀಲದಮ್ಮ ಎನ್ನುತ್ತಿದ್ದರು. ಅವಳ ಕೆಲಸವೇ ಹಾಗೆ. ಪ್ರಯೋಗದ ಹಂದಿಗಳ ಪಕ್ಕೆಯಲ್ಲಿ, ಸಣ್ಣ ಕರುಳು ಮುಗಿಯುವ ಕಡೆಯಿಂದ, ಹೆಬ್ಬೆರಳು ಗಾತ್ರದ ಕೊಳವೆಯೊಂದು ಹೊರಗೆ ಬಂದಿರುತ್ತದೆ. ಅದಕ್ಕೆ ಚೀಲ ಕಟ್ಟಿದರೆ ಅಲ್ಲಿವರೆಗೂ ಅರಗದೆ ಉಳಿದದ್ದೆಲ್ಲ ಚೀಲಕ್ಕೆ ಇಳಿಯುತ್ತದೆ. ಮೇವಿನ ಪಿಷ್ಟ ಅಷ್ಟರೊಳಗೆ ಸಕ್ಕರೆಯಾಗಿ ರಕ್ತ ಸೇರಿದ್ದರೆ ಹಂದಿ ತಿಂದದ್ದು ಸಾರ್ಥಕ. ಇಲ್ಲವಾದರೆ ಅದು ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ. ಬೆಳೆದ ಹಂದಿ ಹೇಗೋ ತಡೆದುಕೊಂಡೀತು. ಆಗಷ್ಟೇ ಹಾಲು ಬಿಟ್ಟ ಮರಿಗೆ ಭೇದಿ ಹಿಡಿಯುತ್ತದೆ.

ಚೀಲ ಕಟ್ಟುವವರು ಮೇವು ಕಲಸುವ ಕೋಣೆಗೆ ಕಾಲಿಡಬಾರದು ಎನ್ನುವುದು ಅಲ್ಲಿನ ಕಟ್ಟಳೆ. ಯಾವ ಹಂದಿ ಏನು ತಿಂದಿದೆ ಎಂದು ಗೊತ್ತಾದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ಈ ಪಾಠ ಹೇಳಿಕೊಟ್ಟವಳೂ ಅಕ್ಕನೇ. ಅಮ್ಮ ಹೋದಮೇಲೆ ತಂಗಿಗೆ ತಲೆ ಬಾಚಿದವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು, ಕೈಹಿಡಿದು ಈ ಕೆಲಸಕ್ಕೆ ಕರೆತಂದವಳು. ಅವಳ ಮಾತೆಂದರೆ ಚೀಲದಮ್ಮನಿಗೆ ಕಲ್ಲಿನ ಗೆರೆ. ಮೇವಿನ ಗಾಡಿ ಬಂದರೆ ಸಾಕು, ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದಳು. ಗಾಡಿ ತಳ್ಳುವವನು, ಸಾಲ ಕೊಟ್ಟವನನ್ನು ಕಂಡವರ ಹಾಗೆ ಮುಖ ತಿರುಗಿಸ್ತೀರಲ್ಲಮ್ಮ ಎಂದು ರೇಗಿಸಿಕೊಂಡೇ ಹೋಗುತ್ತಿದ್ದ.

ಫಲಿತಾಂಶ ಕಂಡು ಅವಳಿಗೇ ಆಶ್ಚರ್ಯವಾಗಿತ್ತು. ಹಸಿ ಆಲೂಗಡ್ಡೆ ಇಷ್ಟು ಸಲೀಸಾಗಿ ಅರಗುವುದುಂಟೇ ಎಂದು ಅಕ್ಕನನ್ನು ಕೇಳಿದ್ದಳು. ನಿನ್ನ ಕೈ ಮೇಲೆ ನಿನಗೇ ನಂಬಿಕೆ ಇಲ್ವೇನೇ ಎಂದು ಅಕ್ಕ ನಕ್ಕಿದ್ದಳು. ಆ ಮಾತಿಗೆ ಹಿಗ್ಗಿ, ಸಾಕುವವರ ಸಂಘಕ್ಕೆ ಹೋಗಿ, ನಾನೇ ಅಳೆದಿದ್ದೀನಿ, ಧೈರ್ಯವಾಗಿ ಹಾಕಿ ಎಂದು ಎದೆ ತಟ್ಟಿ ಹೇಳಿ ಬಂದಿದ್ದಳು.

ಈಗ ಅದೇ ಸಂಘದ ಹಿರಿಯಳು ಕರೆಸಿದ್ದಳು. ದೊಡ್ಡಿಯ ನೆಲ ತೊಳೆದು ಇನ್ನೂ ಒದ್ದೆಯಾಗಿತ್ತು. ಮರಿಗಳ ಹಿಂಗಾಲಿಗೆಲ್ಲ ಭೇದಿ ಮೆತ್ತಿಕೊಂಡು, ಬೆನ್ನೆಲುಬು ಎದ್ದು ಕಾಣುತ್ತಿತ್ತು. ಮೂಲೆಯಲ್ಲಿ ಗೋಣಿತಾಟಿನ ಕೆಳಗೆ ಸತ್ತವು. ಹಿರಿಯಳು ಬೈದಿದ್ದರೆ ಚೀಲದಮ್ಮನ ಎದೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

"ನೀವೇ ಅಳೆದಿದ್ದು ಅಂದ್ರಲ್ಲ ತಾಯಿ, ಅದಕ್ಕೇ ಹಾಕಿದ್ವಿ," ಎಂದಳು, ಅಷ್ಟೇ.

ಚೀಲದಮ್ಮ ಅಲ್ಲಿನ ಮೂಟೆಯಿಂದ ಒಂದು ಹಿಡಿ ಹಿಟ್ಟನ್ನು ಕೇಂದ್ರಕ್ಕೆ ತಂದು ಗಾಜಿನ ಲೋಟದ ತಣ್ಣೀರಿಗೆ ಹಾಕಿದಳು. ಹಿಟ್ಟು ಮರಳಿನಂತೆ ತಳ ಸೇರಿತು, ನೀರು ತಿಳಿಯಾಯಿತು. ಹಸಿ ಹಿಟ್ಟು ಹಾಗೇ ಇರಬೇಕು. ಪ್ರಯೋಗಕ್ಕೆ ಬಳಸಿದ ಹಿಟ್ಟಿನಲ್ಲಿ ಒಂದಿಷ್ಟನ್ನು ಮೇವು ಕಲಸುವ ಕೋಣೆಯ ತಂಪುಪೆಟ್ಟಿಗೆಯಲ್ಲಿ ಡಬ್ಬಿಯಲ್ಲಿ ಎತ್ತಿಡುವುದು ವಾಡಿಕೆ. ಮೊದಲ ಸಲ ಕಟ್ಟಳೆ ಮುರಿದು ಒಳಗೆ ಹೋಗಿ ಅದರ ಮುಚ್ಚಳ ತೆಗೆದಳು. ಎರಡನೇ ಲೋಟಕ್ಕೆ ಹಾಕಿ ತಿರುವಿದರೆ ಚಮಚ ಸಿಕ್ಕಿಕೊಂಡಿತು. ತಣ್ಣೀರಿನಲ್ಲಿ ಹೀಗೆ ಅಂಟಾಗುವುದು ಒಮ್ಮೆ ಬೆಂದ ಹಿಟ್ಟು ಮಾತ್ರ. ಅಡುಗೆಮನೆಗೆ ಗೊತ್ತಿರುವ ಸಂಗತಿ ಇದು. ಗೋಡೆ ನೋಡುತ್ತ ನಿಂತವಳಿಗೆ ಕಾಣಬೇಕಾದರೆ ಇಷ್ಟು ಮರಿಗಳು ಸಾಯಬೇಕಾಯಿತು.

ಎರಡೂ ಲೋಟ ಹಿಡಿದು ಅಕ್ಕನ ಕೋಣೆಗೆ ಹೋದಳು. ಅಕ್ಕ ಅಲ್ಲಗಳೆಯಲಿಲ್ಲ. ಬೇಯಿಸಲು ಕಾರ್ಖಾನೆಯವರಿಗೆ ಉರುವಲು ದುಬಾರಿಯಂತೆ, ಹಸಿಯದೇ ಗೆಲ್ಲಬೇಕಿತ್ತಂತೆ, ದುಡ್ಡು ಕೊಡುವ ಅವರೇ ಕೈಬಿಟ್ಟರೆ ಕೇಂದ್ರಕ್ಕೆ ಬೀಗವಂತೆ. ಹಾಗಿದ್ದರೆ ನನ್ನನ್ನೇ ಯಾಕೆ ಅಳೆಯೋಕೆ ಹಾಕಿದೆ ಎಂದು ಚೀಲದಮ್ಮ ಕೇಳಿದಳು.

"ಇನ್ಯಾರಾದ್ರೂ ಆಗಿದ್ರೆ ಇಣುಕಿ ನೋಡ್ತಿದ್ರು," ಎಂದಳು ಅಕ್ಕ. "ನೀನು ನೋಡಲ್ಲ ಅಂತ ನಂಗೊತ್ತಿತ್ತು ಕಣೇ."

ಅಕ್ಕ ಮೋಸಮಾಡಿದ್ದು ಬೆಂದ ಹಿಟ್ಟಿನಿಂದಲ್ಲ, ತಾನೇ ಕಲಿಸಿದ ಪ್ರಾಮಾಣಿಕತೆಯಿಂದ.

ಪಕ್ಕದ ಸಭಾಕೋಣೆಯಲ್ಲಿ ಸಾಕುವವರು ಬಂದು ಕೂತಿದ್ದರು. ಕಾರ್ಖಾನೆಯ ಮ್ಯಾನೇಜರೂ ಇದ್ದ. ದೊಡ್ಡಿ ಕೊಳಕಾಗಿದ್ದರಿಂದ ಭೇದಿ ಬಂತು, ಹಿಟ್ಟಿನ ತಪ್ಪಿಲ್ಲ ಎಂದು ಹೇಳಿಬಿಡು, ನಿನ್ನ ಮಾತಾದರೆ ನಂಬುತ್ತಾರೆ, ಮುಂದಿನದು ನಾನು ನೋಡಿಕೊಳ್ಳುತ್ತೇನೆ ಎಂದು ಅಕ್ಕ ಅಲ್ಲಿಗೆ ಹೋಗುತ್ತ ಪಿಸುಗುಟ್ಟಿದಳು. ಬಾಗಿಲ ಬಳಿ ನಿಂತು, ಶಾಲೆಗೆ ಕಳಿಸುವಾಗ ಮಾಡುತ್ತಿದ್ದಂತೆ, ತಂಗಿಯ ಕೋಟಿನ ಕಾಲರು ಸರಿಮಾಡಿದಳು. ಮರಿ ಬೆಳೆದರೆ ಕಾರ್ಖಾನೆಯ ಹಿಟ್ಟು, ಮರಿ ಸತ್ತರೆ ಸಾಕುವವರ ಕೊಳಕು. ಇಂಥ ನ್ಯಾಯಕ್ಕೆ ಬೇಕಾದದ್ದು ಎಲ್ಲರೂ ನಂಬುವ ಒಂದು ಬಾಯಿ ಮಾತ್ರ.

ಹಿರಿಯಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ತೊಳೆದೂ ತೊಳೆದೂ ಬಿರಿದ ಕೈಗಳು ಮಡಿಲಲ್ಲಿದ್ದವು. ಚೀಲದಮ್ಮ ಎರಡೂ ಲೋಟಗಳನ್ನು ಅವಳೆದುರಿನ ಮೇಜಿನ ಮೇಲಿಟ್ಟಳು. ಮ್ಯಾನೇಜರು ಕೆಮ್ಮಿದ.

"ಹೇಳಮ್ಮಾ, ಕಾಯ್ತಿದಾರೆ," ಎಂದಳು ಅಕ್ಕ, ಎಲ್ಲರಿಗೂ ಕೇಳುವಂತೆ.

"ನೀನು ಹೇಳ್ಕೊಟ್ಟಿದ್ದನ್ನ ನಾನು ಹೇಳಲ್ಲ ಅಕ್ಕಾ."