ಅರಿಷಿಣ ಹಚ್ಚಿದ ಅರ್ಜಿ

ಡ್ರಾಯರು ಅರ್ಧ ಬಂದು ಸಿಕ್ಕಿಹಾಕಿಕೊಂಡಿತು. ಸಿದ್ದೇಶ್ವರಿ ಮಂಡಿಯೂರಿ ಕುಳಿತು ಎಡಗೈ ಒಳಗೆ ತೂರಿಸಿದಳು. ಏನೋ ಅಡ್ಡ ನಿಂತಿತ್ತು. ನವರಾತ್ರಿಗೆ ಇನ್ನು ನಾಲ್ಕೇ ದಿನ. ದೇವರ ಜಗಲಿ ಒರೆಸುವ ಕೆಲಸವನ್ನು ಈ ಭಾನುವಾರವೇ ಮುಗಿಸಬೇಕೆಂದು ಹಟ ಹಿಡಿದಿದ್ದಳು. ಜಗಲಿಯೆಂದರೆ ದೊಡ್ಡದೇನಲ್ಲ. ಗೈದರ್ಸ್‌ಬರ್ಗಿನ ಆ ಮನೆಯ ಊಟದ ಕೋಣೆಯ ಮೂಲೆಯಲ್ಲೊಂದು ಬಿಳಿ ಕಪಾಟು, ಅದರ ಮೇಲೆ ಲಿಂಗ, ಬಸವಣ್ಣನ ಫೋಟೋ, ವಿಭೂತಿ ಗಟ್ಟಿ. ಕೆಳಗೆ ಈ ಡ್ರಾಯರು.

ಡ್ರಾಯರಿನ ತುಂಬ ಮದುವೆ ಕಾರ್ಡುಗಳು. ಅರಿಷಿಣ ಕುಂಕುಮ ಹಚ್ಚಿದ ಕಾಗದವನ್ನು ಕಸದ ಡಬ್ಬಿಗೆ ಹಾಕಬಾರದೆಂಬುದು ಅವಳ ಗಂಡ ಕಲ್ಮೇಶನ ಮನೆತನದ ಕಟ್ಟುನಿಟ್ಟು. ಧಾರವಾಡದಲ್ಲಿ ವರ್ಷಕ್ಕೊಮ್ಮೆ ಎಲ್ಲವನ್ನೂ ಗಂಟು ಕಟ್ಟಿ ಕೆರೆಗೆ ಬಿಡುತ್ತಿದ್ದರು. ಇಲ್ಲಿ ಕೆರೆಗೆ ಕಾಗದ ಬಿಟ್ಟರೆ ಪೊಲೀಸರು ಬಂದಾರೆಂದು ಹೆದರಿ ಕಲ್ಮೇಶ ಬಂದಬಂದದ್ದನ್ನೆಲ್ಲ ಇಲ್ಲಿಗೆ ತುರುಕುತ್ತಿದ್ದ. ಕಾರ್ಡು ಕೊಟ್ಟವರಿಗೆ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳು ಶಾಲೆಗೂ ಹೋಗುತ್ತಿದ್ದವು. ಕಾರ್ಡು ಮಾತ್ರ ಇಲ್ಲೇ.

ಅಡ್ಡ ನಿಂತದ್ದನ್ನು ಎಳೆದಳು. ಮದುವೆ ಕಾರ್ಡಲ್ಲ, ಕ್ಲಿಪ್ ಹಾಕಿದ ಕಾಗದದ ಕಟ್ಟು. ಮೇಲಿನ ಹಾಳೆಯ ನಾಲ್ಕೂ ಮೂಲೆಗೆ ಅರಿಷಿಣ. ಬಲಗಡೆಯ ಮೂಲೆಯಲ್ಲಿ ಅದು ಸ್ವಲ್ಪ ಅಳಿಸಿ ಹರಡಿತ್ತು. ಹೇಗೆ ಹರಡಿತೆಂದು ಅವಳಿಗೆ ಗೊತ್ತಿತ್ತು. ಅಂದು ಹಚ್ಚುವಾಗ ಮಗಳು ಇಂಚರಾ ಪಕ್ಕದಲ್ಲಿ ನಿಂತು ಮೊಣಕೈ ತಾಗಿಸಿದ್ದಳು. ಹಾಳೆ ಮಗುಚಿದಳು. ಪ್ಲಾಸ್ಟಿಕ್ ಚೀಲದಲ್ಲಿ ಅವಳವೇ ಎರಡು ಫೋಟೋ. ಕೊನೆಯಲ್ಲಿ ಅವಳದೇ ಸಹಿ. ಏಪ್ರಿಲ್ ಇಪ್ಪತ್ತಾರು, ಎರಡು ಸಾವಿರದ ಇಪ್ಪತ್ತೊಂದು.

ಈಗ ಅಕ್ಟೋಬರ್ ಮೂರು.

ಈ ದೇಶದಲ್ಲಿ ವೀಸಾ ಕಲ್ಮೇಶನದು, ಅವಳು ಅವನ ಹೆಂಡತಿಯೆಂದು ಬಂದವಳು. ಹಾಗೆ ಬಂದವಳು ದುಡಿಯಬೇಕಾದರೆ ಸರ್ಕಾರದಿಂದ ಬೇರೆಯೇ ಒಂದು ಪರವಾನಗಿ ಕಾರ್ಡು ಬೇಕು, ಅದರ ಅವಧಿ ಮುಗಿಯುವುದಕ್ಕೆ ಎಷ್ಟೋ ತಿಂಗಳು ಮೊದಲೇ ಹೊಸದಕ್ಕೆ ಅರ್ಜಿ ಹಾಕಬೇಕು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮೈಕ್ರೊಬಯಾಲಜಿ ಓದಿ ಚಿನ್ನದ ಪದಕ ತೆಗೆದುಕೊಂಡಿದ್ದ ಸಿದ್ದೇಶ್ವರಿ ಆ ಕಾರ್ಡು ಕೈಗೆ ಬರುವ ಹೊತ್ತಿಗೆ ಆರು ವರ್ಷ ರೊಟ್ಟಿ ಬಡಿದಿದ್ದಳು. ಮೂರು ವರ್ಷದ ಹಿಂದೆ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಕೋವಿಡ್ ಬಂದಾಗ ಊರೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದರೂ ಇವಳು ಎರಡೆರಡು ಮಾಸ್ಕ್ ಹಾಕಿಕೊಂಡು ದಿನವೂ ಹೋದಳು. ಈಗ ಆರು ಜನರ ತಂಡಕ್ಕೆ ಮೇಲ್ವಿಚಾರಕಿ. ಅವಳ ಕಾರ್ಡಿನ ಕೊನೆಯ ದಿನ ಬರುವ ಶುಕ್ರವಾರ. ಹೊಸದು ಬರದಿದ್ದರೆ ಅಂದು ಸಂಜೆ ಬ್ಯಾಡ್ಜ್ ಕೊಟ್ಟು ಹೊರಬೀಳಬೇಕು.

ಏಪ್ರಿಲಿನ ಆ ಬೆಳಗ್ಗೆ ಅವಳು ಅರ್ಜಿಯ ಮೇಲಿನ ಪತ್ರಕ್ಕೆ ಅರಿಷಿಣ ಹಚ್ಚುತ್ತಿದ್ದಾಗ ಕಲ್ಮೇಶನೇ ಹಾಳೆ ಅಲುಗದಂತೆ ಹಿಡಿದುಕೊಂಡಿದ್ದ. "ಸರ್ಕಾರದ ಕಾಗದಕ್ಕ ಅರಿಷಿಣ ಹಚ್ಚತಿಯಲ್ಲ, ಅವರಿಗೇನ ತಿಳೀತೈತಿ?" ಎಂದು ನಕ್ಕಿದ್ದ. "ನಿನಗ ಶಿಫ್ಟ್ ಐತಿ, ನಡಿ. ಪೋಸ್ಟ್ ಆಫೀಸಿಗೆ ನಾ ಹೋಗಿ ಬರ್ತೀನಿ."

ಆಮೇಲೆ ಐದು ತಿಂಗಳು ಕಾದದ್ದೇ ಕಾದದ್ದು. ಆ ವರ್ಷ ಎಲ್ಲರ ಕಾರ್ಡೂ ತಡವಾಗುತ್ತಿತ್ತಾದ್ದರಿಂದ ಸಂಶಯಕ್ಕೆ ಜಾಗವೇ ಇರಲಿಲ್ಲ. ಅದೇ ವಾರ ಅರ್ಜಿ ಹಾಕಿದ್ದ ಮೈಸೂರಿನ ಗೆಳತಿ ರಚನಾಳ ಕಾರ್ಡು ಮೊನ್ನೆ ಬಂತು. "ನಿಮ್ಮ ರಿಸೀಟ್ ನಂಬರ್ ಕೊಡಿ, ನಾನೇ ಆನ್‌ಲೈನ್ ಚೆಕ್ ಮಾಡ್ತೀನಿ. ಅದೂ ನಿಮ್ಮ ಹತ್ರ ಇಲ್ಲ ಅಂದ್ರೆ ಏನ್ರೀ ಅರ್ಥ?" ಎಂದು ಅವಳು ಫೋನಿನಲ್ಲಿ ರೇಗಿದ್ದಳು. ನಂಬರು ತನ್ನ ಆಫೀಸಿನ ವಕೀಲರ ಹತ್ತಿರ ಇದೆಯೆಂದು ಕಲ್ಮೇಶ ಹೇಳಿದ್ದ. ಸಿದ್ದೇಶ್ವರಿಗೆ ರಚನಾಳ ಮೇಲೇ ಸಿಟ್ಟು ಬಂದಿತ್ತು. ಮಂದಿಯ ಸಂಸಾರದಲ್ಲಿ ಮೂಗು ತೂರಿಸುವವಳು ಎಂದುಕೊಂಡಿದ್ದಳು.

"ರೀ, ಕೆಳಗ ಬರ್ರಿ ಒಂದೀಟು."

ಕಲ್ಮೇಶ ಫೋನು ನೋಡುತ್ತಲೇ ಮೆಟ್ಟಿಲಿಳಿದು ಬಂದ. ತಲೆಯೆತ್ತಿದವನು ಅವಳ ಮುಖ ನೋಡಲಿಲ್ಲ, ಮೊದಲು ತೆರೆದ ಡ್ರಾಯರು ನೋಡಿದ. ಅಷ್ಟು ಸಾಕಾಯಿತು ಅವಳಿಗೆ.

"ಅದು ಕಾಪಿ ಇರ್ಬೇಕು, ಸಿದ್ದಿ."

"ಕಾಪಿಗೆ ಅರಿಷಿಣ ಹಚ್ಚಿದ್ದೆನೇನ್ರಿ ನಾ?"

ಅವನು ಕುರ್ಚಿ ಎಳೆದು ಕುಳಿತ. ಸ್ವಲ್ಪ ಹೊತ್ತು ಫೋನನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದ. "ಮೊದಲ ಮರ್ತೆ. ಖರೇ ಹೇಳ್ತೀನಿ, ಆ ವಾರ ಮರ್ತು ಕಾರಿನ್ಯಾಗ ಬಿಟ್ಟಿದ್ದೆ. ಅಷ್ಟರಾಗ ಸುವಾನಿ ಕೆಲಸದ ಆಫರ್ ಬಂತು."

ಸುವಾನಿ! ಅಟ್ಲಾಂಟದ ಹತ್ತಿರದ ಆ ಊರಿನಲ್ಲಿ ಅವನ ದೊಡ್ಡಪ್ಪನ ಮಕ್ಕಳು, ಕಾಲೇಜಿನ ಗೆಳೆಯರು, ಅರ್ಧ ಧಾರವಾಡವೇ ಇತ್ತು. ಮೇ ತಿಂಗಳಲ್ಲಿ ಅವನು ಆ ಮಾತೆತ್ತಿದಾಗ, ನನ್ನ ಕೆಲಸ ಇಲ್ಲಿದೆ, ನಾನು ಬರುವುದಿಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಳು. ಆಯ್ತು ಬಿಡು ಎಂದಿದ್ದ. ಅಷ್ಟು ಬೇಗ ಒಪ್ಪಿದನಲ್ಲ ಎಂದು ಆ ವಾರವಿಡೀ ಅವನಿಗಿಷ್ಟವಾದ ಅಡುಗೆ ಮಾಡಿದ್ದಳು ಬೇರೆ.

"ಒಲ್ಲೆ ಅಂದಿಲ್ಲೇನು ನೀವು ಅವರಿಗೆ?"

"ಜನವರಿಗೆ ಬರ್ತೀನಿ ಅಂದೀನಿ."

"ನನಗ ಹೇಳಲಾರದ?"

"ಹೇಳಿದ್ರ ಜಗಳ ಆಗ್ತಿತ್ತು. ಕಾರ್ಡ್ ಮುಗಿದ್ರ ಕೆಲಸ ತಾನ ಹೋಗ್ತೈತಿ, ಆಮ್ಯಾಲೆ ನೀನ ಹೂಂ ಅಂತಿ ಅನ್ಕೊಂಡೆ. ಅಲ್ಲಿ ಹೋದ ಮ್ಯಾಲೆ ಮತ್ತ ಅಪ್ಲೈ ಮಾಡಿದ್ರಾತಲ್ಲ. ನಿನ್ನ ಕೆಲಸ ಬಿಡಿಸ್ಬೇಕಂತ ಅಲ್ಲ, ಸಿದ್ದಿ."

"ಜಗಳ ಆದ್ರ ಏನಾಗ್ತಿತ್ರಿ? ನಾಕು ದಿನ ಮಾತು ಬಿಡ್ತಿದ್ವಿ, ಅಷ್ಟ ಅಲ್ಲ?" ಅವಳ ದನಿ ಒಡೆಯಿತು. "ಬುಧವಾರ, ಕಾರ್ಡ್ ಬರಲಿಲ್ಲಂದ್ರ ಕೆಲಸ ಇಲ್ಲ ಅಂತ ಆಫೀಸಿಂದ ಮೇಲ್ ಬಂದಾಗ ಇಲ್ಲೇ ಕುಂತು ಅತ್ತೆ. ಚಾ ಮಾಡಿ ಕೊಟ್ರಿ. ಬೆನ್ನ ಸವರಿದ್ರಿ. ಈ ಸರ್ಕಾರದ ಹಣೇಬರಹನ ಇಷ್ಟ ಅಂತ ಬೈದ್ರಿ. ಆವಾಗ ಈ ಡ್ರಾಯರ್ ನೆನಪಾಗಲಿಲ್ಲೇನು?"

ಕೆಲಸ ಹೋಗುವುದಕ್ಕಿಂತ ಆ ಚಹಾ ನೆನೆದು ಅವಳಿಗೆ ಹೆಚ್ಚು ಸಂಕಟವಾಯಿತು. ಎಷ್ಟು ಹದವಾಗಿ ಶುಂಠಿ ಹಾಕಿದ್ದ! ಯಾವ ಕೈ ಅವಳ ಕಾಗದ ಮುಚ್ಚಿಟ್ಟಿತ್ತೋ ಅದೇ ಕೈ ಅವಳ ಕಣ್ಣೊರೆಸಿತ್ತು. ಅವಳು ಆ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡು ಸರ್ಕಾರವನ್ನು ಶಪಿಸಿದ್ದಳು.

"ಒಂದ ಹೇಳ್ರಿ. ಹರದು ಒಗದಿದ್ರ ನನಗ ಜನ್ಮದಾಗ ತಿಳೀತಿದ್ದಿಲ್ಲ. ಯಾಕ ಒಗೀಲಿಲ್ಲ?"

ಅವನು ಅಪರಾಧಿಯಂತಲ್ಲ, ಇಷ್ಟೂ ಗೊತ್ತಿಲ್ಲವೇ ಎಂಬಂತೆ ಅವಳತ್ತ ನೋಡಿದ. "ಅರಿಷಿಣ ಹಚ್ಚಿದ್ದು... ಕಸದಾಗ ಹ್ಯಾಂಗ ಒಗೀಲಿ?"

ಅಬ್ಬಾ, ಭಕ್ತಿಯೇ! ಸಿದ್ದೇಶ್ವರಿಗೆ ನಗು ಬಂತು. ನಗುತ್ತ ನಗುತ್ತಲೇ ಕಣ್ಣು ತುಂಬಿ ಹರಿಯಿತು. ಅರಿಷಿಣ ಹಚ್ಚಿದ ಹಾಳೆಯನ್ನು ಕಸಕ್ಕೆ ಹಾಕಿದರೆ ಪಾಪ ಬರುತ್ತದೆಂದು ಹೆದರಿದ ಮನುಷ್ಯ, ಅವಳ ಕೆಲಸವನ್ನು ಕಸಕ್ಕೆ ಹಾಕುವಾಗ ಹೆದರಿರಲಿಲ್ಲ. ಅವಳು ಸೆರಗಿಲ್ಲದ ಕುರ್ತಾದ ತೋಳಿನಿಂದಲೇ ಮುಖ ಒರೆಸಿಕೊಂಡು ಎದ್ದಳು. ಕಟ್ಟನ್ನು ಮತ್ತೆ ಡ್ರಾಯರಿಗೆ ಹಾಕಲಿಲ್ಲ. ಒರೆಸಿ ಸ್ವಚ್ಛ ಮಾಡಿದ್ದ ಜಗಲಿಯ ಮೇಲೆ, ಲಿಂಗದ ಹಿಂದೆ, ಬಸವಣ್ಣನ ಫೋಟೋಕ್ಕೆ ಆನಿಸಿ ನೆಟ್ಟಗೆ ನಿಲ್ಲಿಸಿದಳು.

"ಅಲ್ಲಿ ಯಾಕ ಇಡ್ತಿ?"

"ಇರ್ಲಿ. ಕಸದಾಗಂತೂ ಒಗ್ಯಾಕ ಬರಂಗಿಲ್ಲಲ್ಲ." ಕೈ ಚಾಚಿದಳು. "ಎಲ್ಲಾರ ಕಾಗದದ ಫೈಲ್ ಕೊಡ್ರಿ. ಇನ್ನ ಅದು ನನ್ನ ಕಡೆ ಇರ್ತೈತಿ."

ಸೋಮವಾರ ಬೆಳಗ್ಗೆ ಪ್ರಿಂಟರು ಹಾಳೆಯ ಮೇಲೆ ಹಾಳೆ ಉಗುಳಿತು. ಹೊಸ ಅರ್ಜಿಗೂ ಕಲ್ಮೇಶನ ಹೆಸರೇ ಬೇಕು, ಅವನ ವೀಸಾ ಪತ್ರದ ನಕಲೇ ಬೇಕು; ಅವನ ಮೇಲೆ ಎಷ್ಟು ಸಿಟ್ಟಿದ್ದರೂ ಆ ಹೆಸರನ್ನು ಅವಳು ಒಂದೊಂದೇ ಅಕ್ಷರವಾಗಿ ತುಂಬಿದಳು. ಈ ಕಾರ್ಡು ಬರುವುದಕ್ಕೆ ಇನ್ನೆಷ್ಟು ತಿಂಗಳೋ. ಅಲ್ಲಿಯವರೆಗೆ ಅವಳ ಜಾಗ ಖಾಲಿ ಇಟ್ಟುಕೊಂಡು ಯಾರೂ ಕಾಯುವುದಿಲ್ಲ. ಶುಕ್ರವಾರವೇ ನನ್ನ ಕೊನೆಯ ದಿನ ಎಂದು ಮೇಲಧಿಕಾರಿಗೆ ಆಗಲೇ ಬರೆದಿದ್ದಳು.

ಶಾಲೆಯ ಚೀಲ ಬೆನ್ನಿಗೇರಿಸಿಕೊಂಡು ನಿಂತಿದ್ದ ಒಂಬತ್ತು ವರ್ಷದ ಇಂಚರಾ ಹಾಳೆಗಳನ್ನು ಇಣುಕಿ ನೋಡಿದಳು. "ಅಮ್ಮ, ಈ ಸಲ ಟರ್ಮರಿಕ್ ಹಾಕಲ್ವಾ? ಐ ಕ್ಯಾನ್ ಹೋಲ್ಡ್ ಇಟ್."

"ಬ್ಯಾಡ, ಪುಟ್ಟಿ. ಇದು ಪೋಸ್ಟಿಗೆ ಹೋಗೂದೈತಿ."

ಸ್ನಾನ ಮುಗಿಸಿ, ಪಂಚೆಯುಟ್ಟು ಕಲ್ಮೇಶ ಕೆಳಗೆ ಬಂದ. ಅವಳು ಲಕೋಟೆ ಅಂಟಿಸುವುದನ್ನು ನೋಡಿ ಅಭ್ಯಾಸಬಲದಿಂದ, "ಕೊಡು, ನಾ ಹೋಗಿ..." ಎಂದವನು ಅಲ್ಲಿಗೇ ನಿಲ್ಲಿಸಿ ಜಗಲಿಯ ಕಡೆ ತಿರುಗಿದ.

ಸಿದ್ದೇಶ್ವರಿ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಕೀಲಿ ತೆಗೆದುಕೊಂಡಳು. ಮಗಳನ್ನು ಮುಂದೆ ಬಿಟ್ಟು ಬಾಗಿಲು ಎಳೆದುಕೊಳ್ಳುವಾಗ ಒಮ್ಮೆ ಒಳಗೆ ಕಣ್ಣು ಹೋಯಿತು. ಕಲ್ಮೇಶ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಜಗಲಿಯೆದುರು ನಿಂತಿದ್ದ. ಎದುರಿಗೆ ಆ ಹಾಳೆ, ನಾಲ್ಕು ಮೂಲೆಯ ಅರಿಷಿಣ. ಬೆರಳ ಮೇಲಿನ ವಿಭೂತಿ ಒಣಗಿ ಬೆಳ್ಳಗಾಗುತ್ತಿತ್ತು. ಕೈ ಹಣೆಗೆ ಏರಿರಲಿಲ್ಲ.